ಸಭೆಯ ನೋಟಿಸು ವಾಟ್ಸ್‌ಆ್ಯಪ್‌ನಲ್ಲಿ ಹೋದರೆ ಸಾಕೇ?

ಪ್ರಶ್ನೆ: ನಾನು ಗೌರಿಬಿದನೂರು ತಾಲ್ಲೂಕಿನ ಗಡಿಭಾಗದ ಒಂದು ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. 340 ಸದಸ್ಯರಿದ್ದಾರೆ. ವಾರ್ಷಿಕ ಸಭೆಗೆ ಕಾರ್ಡು ಬರೆದು ಹಾಕುವುದು, ಬಾಕಿದಾರರಿಗೂ ತಕರಾರಿನವರಿಗೂ ರಿಜಿಸ್ಟರ್ ಪೋಸ್ಟ್ ಮಾಡುವುದು ಮೊದಲಿನಿಂದ ನಡೆದುಬಂದ ಪದ್ಧತಿ. ಈಗ ರಿಜಿಸ್ಟರ್ ಪೋಸ್ಟೇ ಇಲ್ಲ ಅನ್ನುತ್ತಾರೆ. ಆಡಳಿತ ಮಂಡಳಿಯ ಹುಡುಗರು ಎಲ್ಲವನ್ನೂ ವಾಟ್ಸ್‌ಆ್ಯಪ್‌ಗೆ ಹಾಕಿಬಿಡಿ ಅಂತಾರೆ, ಹಿರಿಯರು ಒಪ್ಪುತ್ತಿಲ್ಲ. ಇದು ಕಾನೂನಿಗೆ ನಿಲ್ಲುತ್ತದೆಯೇ? ನಮ್ಮ ನೋಟಿಸುಗಳೆಲ್ಲ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದವು. ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. ಹಳೆಯ ಕಾಗದಪತ್ರ ಮೂರು ಬೀರು ತುಂಬಿದೆ, ಅದನ್ನೇನು ಮಾಡಬೇಕು?

ಉತ್ತರ: ವಾಟ್ಸ್‌ಆ್ಯಪ್ ಸೇರಿಸಿಕೊಳ್ಳಿ, ಅದೊಂದನ್ನೇ ನಂಬಿ ಕೂರಬೇಡಿ. ಅದಕ್ಕೂ ಮೊದಲು ನಿಮ್ಮ ಸಂಘದ ಬೈಲಾ, ಅಂದರೆ ಸಂಘದ ನಿಯಮಾವಳಿ ತೆಗೆದು, ಸಭೆಯ ತಿಳುವಳಿಕೆ ಪತ್ರವನ್ನು ಹೇಗೆ, ಎಷ್ಟು ದಿನ ಮುಂಚೆ ಕೊಡಬೇಕು ಎಂದಿದೆಯೋ ಆ ಸಾಲನ್ನು ಓದಿ.

ಅಂಚೆಗೆ ಹಾಕಿದ ಒಂದು ಕಾಗದ ಮೂರು ಕೆಲಸ ಮಾಡುತ್ತಿತ್ತು. ವಿಷಯ ತಿಳಿಸುತ್ತಿತ್ತು, ಕಳಿಸಿದ್ದಕ್ಕೆ ಪುರಾವೆ ಉಳಿಸುತ್ತಿತ್ತು, ಕಚೇರಿ ಪ್ರತಿಯಾಗಿ ಫೈಲಿನಲ್ಲಿ ಕೂರುತ್ತಿತ್ತು. ಮೊಬೈಲು ಮೊದಲನೆಯದನ್ನು ಅಂಚೆಗಿಂತ ಚೆನ್ನಾಗಿ ಮಾಡುತ್ತದೆ. ಉಳಿದೆರಡು ತಾವಾಗಿ ಆಗುವುದಿಲ್ಲ, ನೀವು ಮಾಡಿಸಬೇಕು. ಮೊಬೈಲಿಗೆ ಹೊರಳಿದ ಸಂಘಗಳು ಎಡವುವುದು ಅಲ್ಲೇ.

ಹಾಗಂತ ನಿಮ್ಮ ಕಾರ್ಡುಗಳು ಗಟ್ಟಿ ಪುರಾವೆಯಾಗಿದ್ದವು ಎಂದು ಹಿರಿಯರು ಅಂದುಕೊಳ್ಳುವುದೂ ಬೇಡ. 50 ಪೈಸೆಯ ಕಾರ್ಡಿಗೆ ಯಾವ ರಸೀದಿಯೂ ಇಲ್ಲ. ಹಿಂದೆ ಯು.ಪಿ.ಸಿ. ಎಂಬ ಅನುಕೂಲವಿತ್ತು. ವಿಳಾಸಗಳ ಪಟ್ಟಿ ಬರೆದುಕೊಂಡು ಹೋದರೆ ಅಂಚೆ ಕಚೇರಿಯವರು ಅದರ ಮೇಲೆ ಮೊಹರು ಒತ್ತಿ ಕೊಡುತ್ತಿದ್ದರು, ನೂರಾರು ಕಾಗದಕ್ಕೆ ಅಗ್ಗದಲ್ಲಿ ಸಾಕ್ಷಿ ಸಿಗುತ್ತಿತ್ತು. ಸಹಕಾರ ಸಂಘಗಳಿಗೆ ಹೇಳಿ ಮಾಡಿಸಿದಂತಿದ್ದ ಆ ಸೇವೆ 2011ರಲ್ಲಿ ನಿಂತಿತು. 2013ರ ಜುಲೈನಲ್ಲಿ ಟೆಲಿಗ್ರಾಂ ಹೋಯಿತು. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಅದು ಪೂರ್ತಿ ಹೋಗಿಲ್ಲ, ಬೇರೆ ಹೆಸರಿನಲ್ಲಿ ಉಳಿದಿದೆ. ಹೇಗೆಂದು ಮುಂದೆ ಹೇಳುತ್ತೇನೆ.

ಮೊದಲು ಕಾನೂನು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಕಲಂ ಪ್ರಕಾರ, ಬರಹದಲ್ಲಿ ಇರಬೇಕು ಎಂದು ಕಾನೂನು ಹೇಳುವ ಸಂಗತಿ ವಿದ್ಯುನ್ಮಾನ ರೂಪದಲ್ಲಿದ್ದು, ಮುಂದೆ ಬೇಕಾದಾಗ ತೆಗೆದು ನೋಡುವಂತಿದ್ದರೆ ಸಾಕು. ಅದೇ ಕಾಯ್ದೆಯ 13ನೇ ಕಲಂ ನಿಮಗೆ ಇನ್ನೂ ಮುಖ್ಯ. ಸದಸ್ಯರು ‘ಈ ಸಂಖ್ಯೆಗೆ ಕಳಿಸಿ’ ಎಂದು ಗೊತ್ತುಮಾಡಿ ಕೊಟ್ಟಿದ್ದರೆ, ಸಂದೇಶ ಅಲ್ಲಿಗೆ ಸೇರಿದ ಗಳಿಗೆಯೇ ತಲುಪಿದ ಗಳಿಗೆ. ಅದನ್ನು ಬಿಟ್ಟು ಅವರ ಬೇರೆ ಸಂಖ್ಯೆಗೆ ಕಳಿಸಿದರೆ, ಅವರು ತೆರೆದು ತೆಗೆದುಕೊಂಡಾಗ ಮಾತ್ರ ತಲುಪಿದಂತೆ. ಹಾಗಾಗಿ ಎಲ್ಲಕ್ಕಿಂತ ಮುಂಚೆ ಬೇಕಾಗಿರುವುದು ಸದಸ್ಯರ ಸಹಿ ಇರುವ ಒಂದು ಹಾಳೆ.

ಕೋರ್ಟುಗಳೇ ವಾಟ್ಸ್‌ಆ್ಯಪ್ ಒಪ್ಪಿವೆಯಲ್ಲ ಎಂದು ಹುಡುಗರು ವಾದಿಸಬಹುದು. 2020ರ ಜುಲೈನಲ್ಲಿ ಕೋವಿಡ್ ಕಾಲದ ತೊಂದರೆಗೆಂದು ಸುಪ್ರೀಂ ಕೋರ್ಟು ನೋಟಿಸು, ಸಮನ್ಸುಗಳನ್ನು ಇ-ಮೇಲ್, ವಾಟ್ಸ್‌ಆ್ಯಪ್ ಮೂಲಕ ಜಾರಿ ಮಾಡಲು ಅವಕಾಶ ಕೊಟ್ಟದ್ದು ನಿಜ. ಅದೇ ಕೋರ್ಟು 2025ರ ಜನವರಿಯಲ್ಲಿ, ಪೊಲೀಸರು ಹಾಜರಾಗಲು ಹೇಳಿ ಕೊಡುವ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಂತಿಲ್ಲ ಎಂದಿತು. ಎರಡೂ ಸಹಕಾರ ಸಂಘದ ವಿಷಯವಲ್ಲ. ಆದರೆ ಯಾವ ನೋಟಿಸಿಗೆ ಯಾವ ದಾರಿ ಎಂಬುದನ್ನು ಆಯಾ ಕಾಯ್ದೆ, ಆಯಾ ಬೈಲಾ ತೀರ್ಮಾನಿಸುತ್ತದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ. ನಿಮ್ಮ ಬೈಲಾದಲ್ಲಿ ‘ಅಂಚೆ ಮೂಲಕ’ ಎಂದಿದ್ದರೆ ಅಂಚೆಯೇ ಆಗಬೇಕು. ಬೈಲಾ ತಿದ್ದುಪಡಿಯನ್ನು ಸಾಮಾನ್ಯ ಸಭೆಯಲ್ಲಿ ಅಂಗೀಕರಿಸಿ ಸಹಕಾರ ಇಲಾಖೆಯ ಸಹಾಯಕ ನಿಬಂಧಕರ ಕಚೇರಿಗೆ ಕಳಿಸಿ. ಅದು ನೋಂದಣಿಯಾಗಿ ಬರುವವರೆಗೆ ಹಳೆಯ ದಾರಿ ಬಿಡಬೇಡಿ, ವಾಟ್ಸ್‌ಆ್ಯಪ್ ಜೊತೆಗಿರಲಿ. ತಿದ್ದುಪಡಿಗೆ ಇಷ್ಟು ಸಾಕು: ‘ಸಭೆಯ ತಿಳುವಳಿಕೆ ಪತ್ರವನ್ನು ಸದಸ್ಯರು ಲಿಖಿತವಾಗಿ ಕೊಟ್ಟ ಮೊಬೈಲ್ ಸಂಖ್ಯೆಗೆ ಅಥವಾ ಇ-ಮೇಲ್ ವಿಳಾಸಕ್ಕೆ ಕಳುಹಿಸಬಹುದು. ಹಾಗೆ ಕೊಡದ ಸದಸ್ಯರಿಗೆ ಖುದ್ದಾಗಿ ಕೊಟ್ಟು ಸಹಿ ಪಡೆಯತಕ್ಕದ್ದು ಅಥವಾ ಅಂಚೆ ಮೂಲಕ ಕಳುಹಿಸತಕ್ಕದ್ದು.’

ಇಷ್ಟೆಲ್ಲ ಯಾಕೆಂದರೆ ಜಗಳ ಹುಟ್ಟುವುದು ಸಭೆಯ ದಿನವಲ್ಲ, ಚುನಾವಣೆಯ ಹೊತ್ತಿಗೆ. ಸಭೆಗಳಿಗೆ ಬಾರದವರ ಮತದಾನದ ಹಕ್ಕಿಗೆ ಕುತ್ತು ಬಂದು ಅನರ್ಹರ ಪಟ್ಟಿ ಗೋಡೆಗೆ ಬಿದ್ದಾಗ, ‘ನನಗೆ ನೋಟಿಸೇ ಬಂದಿಲ್ಲ’ ಎಂಬುದೇ ಮೊದಲ ವಾದ. ವ್ಯಾಜ್ಯ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ ಅಡಿ ಹೋದರೆ, ನಾಲ್ಕು ವರ್ಷದ ಹಿಂದಿನ ನೋಟಿಸಿನ ಪುರಾವೆಯನ್ನು ಕಾರ್ಯದರ್ಶಿಯಾದ ನೀವೇ ಹುಡುಕಿ ಕೊಡಬೇಕಾಗುತ್ತದೆ.

ಸಹಿ ಹಾಳೆಯಲ್ಲಿ ಸದಸ್ಯತ್ವ ಸಂಖ್ಯೆ, ಹೆಸರು, ಮೊಬೈಲ್ ಸಂಖ್ಯೆ, ದಿನಾಂಕ, ಸಹಿ ಅಥವಾ ಹೆಬ್ಬೆಟ್ಟು ಇರುವುದು ಸಹಜ. ಎರಡು ಅಂಕಣ ಹೆಚ್ಚಿಗೆ ಹಾಕಿ. ಒಂದು, ‘ಈ ಫೋನು ಯಾರ ಕೈಯಲ್ಲಿರುತ್ತದೆ?’ ಇನ್ನೊಂದು, ‘ವಾಟ್ಸ್‌ಆ್ಯಪ್ ಇದೆಯೇ, ಬರೀ ಕೀಪ್ಯಾಡ್ ಫೋನೇ?’ ಮೊದಲನೆಯದನ್ನು ಬಿಟ್ಟ ಕಡೆಯೆಲ್ಲ ತೊಂದರೆ ಆಗಿದೆ. ಹಸು ಕಟ್ಟಿ ಹಾಲು ಹಾಕುವವರು ತಾಯಿ, ಸದಸ್ಯತ್ವ ಅವರ ಹೆಸರಿನಲ್ಲಿ. ಕೊಟ್ಟ ಸಂಖ್ಯೆ ಮಾತ್ರ ದೊಡ್ಡಬಳ್ಳಾಪುರದಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿರುವ ಮಗನದು. ಕಾರ್ಡು ಮನೆ ಬಾಗಿಲಿಗೆ ಬರುತ್ತಿತ್ತು, ಸಂದೇಶ ಪೀಣ್ಯಕ್ಕೆ ಹೋಗುತ್ತದೆ. ಮಗ ನೋಡಿ ‘ಆಯ್ತು’ ಅಂದುಕೊಂಡು ಸುಮ್ಮನಾಗುತ್ತಾನೆ. ಇಂಥವರನ್ನು ಪಟ್ಟಿಯಲ್ಲಿ ಗುರುತು ಮಾಡಿಕೊಂಡು ಕಾಗದದ ಪ್ರತಿಯನ್ನೂ ಕೊಡಿ.

ಅಂಚೆಯಣ್ಣ ಮಾಡುತ್ತಿದ್ದ ಇನ್ನೊಂದು ಕೆಲಸವೂ ನಿಂತುಹೋಗುತ್ತದೆ. ಸದಸ್ಯರು ತೀರಿಕೊಂಡಿದ್ದರೆ, ಊರು ಬಿಟ್ಟಿದ್ದರೆ ಕಾಗದ ಷರಾ ಬರೆಸಿಕೊಂಡು ವಾಪಸು ಬರುತ್ತಿತ್ತು, ನಿಮ್ಮ ಪಟ್ಟಿ ತಾನೇ ಸರಿಯಾಗುತ್ತಿತ್ತು. ವಾಟ್ಸ್‌ಆ್ಯಪ್ ಸಂದೇಶ ವಾಪಸು ಬರುವುದಿಲ್ಲ. ರೀಚಾರ್ಜ್ ಇಲ್ಲದೆ ಕಡಿತವಾದ ಸಂಖ್ಯೆಯನ್ನು 90 ದಿನ ಯಾರಿಗೂ ಕೊಡುವುದಿಲ್ಲ, ಆಮೇಲೆ ಕೊಡಬಹುದು. ಹಾಗಾದಾಗ ನಿಮ್ಮ ಬಾಕಿದಾರರ ವಿವರ ಇನ್ಯಾರದೋ ಫೋನಿನಲ್ಲಿ ತೆರೆದುಕೊಳ್ಳುತ್ತದೆ. ವರ್ಷಕ್ಕೊಮ್ಮೆ, ಸಭೆಗೆ ಎರಡು ತಿಂಗಳಿರುವಾಗ, ಹಾಲು ಹಾಕಲು ಬಂದವರ ಹತ್ತಿರವೇ ಸಂಖ್ಯೆ ಓದಿ ಹೇಳಿ ಖಾತ್ರಿ ಮಾಡಿಕೊಳ್ಳಿ.

ಇನ್ನು ಕಳಿಸುವ ರೀತಿ. ವಾಟ್ಸ್‌ಆ್ಯಪ್‌ನಲ್ಲಿ ಬ್ರಾಡ್‌ಕಾಸ್ಟ್ ಪಟ್ಟಿ ನಿಮಗೆ ಆಗಿಬರುವುದಿಲ್ಲ. ಒಂದು ಪಟ್ಟಿಗೆ 256 ಜನರ ಮಿತಿ ಇದೆ, ಅದಕ್ಕಿಂತ ದೊಡ್ಡ ತೊಡಕೆಂದರೆ ನಿಮ್ಮ ಸಂಖ್ಯೆಯನ್ನು ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಉಳಿದವರಿಗೆ ಹೋಗಿಲ್ಲ ಎಂಬುದೂ ತಿಳಿಯುವುದಿಲ್ಲ. ಗ್ರೂಪ್ ಮಾಡಿ, 1,024 ಜನರವರೆಗೆ ಹಿಡಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅಡ್ಮಿನ್‌ಗಳಷ್ಟೇ ಸಂದೇಶ ಹಾಕುವಂತೆ ಮಾಡಿ. ಇಲ್ಲದಿದ್ದರೆ ನಿಮ್ಮ ನೋಟಿಸು ಶುಭೋದಯಗಳ ಅಡಿಯಲ್ಲಿ ಹೂತುಹೋಗುತ್ತದೆ. ಸಂದೇಶ ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಆಫ್ ಆಗಿದೆಯೇ ನೋಡಿಕೊಳ್ಳಿ. ಗ್ರೂಪಿನಲ್ಲಿ ಎಲ್ಲರ ಸಂಖ್ಯೆ ಎಲ್ಲರಿಗೂ ಕಾಣುತ್ತದೆ. ಕೆಲವು ಹೆಣ್ಣುಮಕ್ಕಳಿಗೆ ಇದು ಇಷ್ಟವಾಗದಿರಬಹುದು, ಅದು ನ್ಯಾಯವೂ ಹೌದು. ಸಹಿ ಹಾಳೆಯಲ್ಲೇ ಕೇಳಿಕೊಂಡು, ಬೇಡ ಅಂದವರಿಗೆ ಒಬ್ಬೊಬ್ಬರಿಗೇ ಕಳಿಸಿ.

ನೋಟಿಸನ್ನು ಫೋಟೊ ತೆಗೆದು ಹಾಕಬೇಡಿ, ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸಿ ಅಕ್ಷರ ಮಸುಕು ಮಾಡುತ್ತದೆ. ಸಹಿ, ಮೊಹರು ಇರುವ ಪ್ರತಿಯನ್ನು ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಆಗಿ ಹಾಕಿ. ಅದರ ಕೆಳಗೆ ದಿನಾಂಕ, ಹೊತ್ತು, ಜಾಗ, ಮುಖ್ಯ ವಿಷಯಗಳನ್ನು ಸಂದೇಶವಾಗಿಯೇ ಟೈಪ್ ಮಾಡಿ; ಪಿಡಿಎಫ್ ತೆರೆಯದವರೂ ಅದನ್ನು ಓದುತ್ತಾರೆ. ನಿಮ್ಮ ಕಡೆ ಮನೆಮಾತು ತೆಲುಗು ಇರುವವರು ಬಹಳ, ಕನ್ನಡ ಮಾತಾಡಿದರೂ ಓದಲು ಕಷ್ಟಪಡುವವರಿದ್ದಾರೆ. ಒಂದು ನಿಮಿಷದ ಧ್ವನಿ ಸಂದೇಶವನ್ನು ಕನ್ನಡದಲ್ಲೊಂದು, ತೆಲುಗಿನಲ್ಲೊಂದು ಹಾಕಿದರೆ ಕಾರ್ಡು ಎಂದೂ ಮಾಡದ ಕೆಲಸ ಆಗುತ್ತದೆ. ತಾರೀಖು ತಪ್ಪಿದ್ದರೆ ಸಂದೇಶ ತಿದ್ದಬೇಡಿ, ಅಳಿಸಲೂ ಬೇಡಿ. ‘ತಿದ್ದುಪಡಿ ನೋಟಿಸು’ ಎಂದು ಹೊಸ ಸಂಖ್ಯೆ ಕೊಟ್ಟು ಇನ್ನೊಂದು ಹಾಕಿ. ಅಳಿಸಿದ ಸಂದೇಶದ ಗುರುತು ಗ್ರೂಪಿನಲ್ಲಿ ಉಳಿದು, ಏನನ್ನೋ ಮುಚ್ಚಿಟ್ಟಂತೆ ಕಾಣುತ್ತದೆ.

ತಲುಪಿದ್ದನ್ನು ನೋಡುವುದು ಹೀಗೆ: ಸಂದೇಶದ ಮೇಲೆ ಬೆರಳೊತ್ತಿ ಹಿಡಿದು ಇನ್ಫೋ ತೆರೆಯಿರಿ. ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಎಂಬ ಎರಡು ಪಟ್ಟಿ ಬರುತ್ತವೆ. ನೀಲಿ ಟಿಕ್‌ಗೆ ಕಾಯಬೇಡಿ, ಗ್ರೂಪಿನಲ್ಲಿ ಎಲ್ಲರೂ ಓದಿದ ಮೇಲೆ ಮಾತ್ರ ಅದು ಬರುತ್ತದೆ. ತಲುಪಿದ್ದರೆ ಸಾಕು. ಮೂರನೆಯ ದಿನ ಎರಡೂ ಪಟ್ಟಿಯ ಸ್ಕ್ರೀನ್‌ಶಾಟ್‌ಗಳನ್ನು ಮೇಲಿನಿಂದ ಕೆಳಗಿನವರೆಗೆ ತೆಗೆದುಕೊಳ್ಳಿ. ಎರಡೂ ಪಟ್ಟಿಯಲ್ಲಿಲ್ಲದವರ ಹೆಸರಿಗೆ ಕಾಗದ ಸಿದ್ಧಮಾಡಿ. ಬೈಲಾದಲ್ಲಿ ಹೇಳಿದ ದಿನಗಳ ಗಡುವಿಗೆ ಕನಿಷ್ಠ ಒಂದು ವಾರ ಮುಂಚೆ ವಾಟ್ಸ್‌ಆ್ಯಪ್ ಹೋಗಿರಬೇಕು, ಆಗಲೇ ಈ ಎರಡನೆಯ ಸುತ್ತಿಗೆ ಸಮಯ ಸಿಗುವುದು.

ಕೀಪ್ಯಾಡ್ ಫೋನಿನವರಿಗೆ ಎಸ್ಸೆಮ್ಮೆಸ್. ಇಲ್ಲಿ ಕನ್ನಡಕ್ಕೊಂದು ತೊಡಕಿದೆ. ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರ ಸಿಕ್ಕರೆ ಕನ್ನಡಕ್ಕೆ 70 ಮಾತ್ರ. ಆ 70ರಲ್ಲೂ ಗುಣಿತದ ಚಿಹ್ನೆ, ಒತ್ತಿನ ಹಲಂತ ಬೇರೆಬೇರೆಯಾಗಿ ಲೆಕ್ಕವಾಗುತ್ತವೆ. ‘ವಾರ್ಷಿಕ’ ನಮ್ಮ ಕಣ್ಣಿಗೆ ಮೂರಕ್ಷರ, ಫೋನಿಗೆ ಏಳು. 70 ದಾಟಿದರೆ ಸಂದೇಶ 67ರ ತುಂಡುಗಳಾಗುತ್ತದೆ, ಪ್ರತಿ ತುಂಡಿಗೂ ಒಂದು ಎಸ್ಸೆಮ್ಮೆಸ್ ಲೆಕ್ಕ. ‘ವಾರ್ಷಿಕ ಸಭೆ 14ಕ್ಕೆ, ಬೆಳಿಗ್ಗೆ 10, ಡೈರಿ ಆವರಣ. ನೋಟಿಸ್ ಡೈರಿಯಲ್ಲಿದೆ.’ ಇದು 63, ಒಂದರಲ್ಲೇ ಮುಗಿಯುತ್ತದೆ. ಬಹುತೇಕ ಪ್ಲಾನ್‌ಗಳಲ್ಲಿ ದಿನಕ್ಕೆ 100 ಎಸ್ಸೆಮ್ಮೆಸ್ ಮಿತಿ ಇರುತ್ತದೆ. ಒಂದೇ ಸಂದೇಶ ಒಂದೇ ಸಿಮ್ಮಿನಿಂದ ಸಾಲುಸಾಲಾಗಿ ಹೋದರೆ ಸ್ಪ್ಯಾಮ್ ಎಂದು ತಡೆಯುವುದೂ ಉಂಟು, ಹಾಗಾಗಿ ದಿನಕ್ಕೆ ಮೂವತ್ತು ನಲವತ್ತರಂತೆ ಹಂಚಿ ಕಳಿಸಿ. ಬ್ಯಾಂಕುಗಳಂತೆ ಸಂಘದ ಹೆಸರಿನಲ್ಲೇ ಕಳಿಸಬೇಕೆಂದರೆ ಟೆಲಿಕಾಂ ಕಂಪನಿಗಳ ಡಿ.ಎಲ್.ಟಿ. ನೋಂದಣಿ ಆಗಬೇಕು, ಸಂದೇಶದ ಒಕ್ಕಣೆಗೂ ಮೊದಲೇ ಒಪ್ಪಿಗೆ ಪಡೆಯಬೇಕು. 340 ಜನರ ಸಂಘಕ್ಕೆ ಅಷ್ಟು ರಗಳೆ ಬೇಡ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಹತ್ತಿರ ಅಂಚೆಗೂ ಇಲ್ಲದ, ವಾಟ್ಸ್‌ಆ್ಯಪ್‌ಗೂ ಇಲ್ಲದ ಒಂದು ಅನುಕೂಲವಿದೆ: ಸದಸ್ಯರು ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಡೈರಿಗೇ ಬರುತ್ತಾರೆ. ನೋಟಿಸನ್ನು ಹಾಲು ಅಳೆಯುವ ಜಾಗದಲ್ಲಿ ಅಂಟಿಸಿ. ಪಕ್ಕದಲ್ಲಿ ಸದಸ್ಯತ್ವ ಸಂಖ್ಯೆಯ ಕ್ರಮದಲ್ಲಿ ಹೆಸರು ಮೊದಲೇ ಬರೆದ ನೋಟಿಸ್ ಪುಸ್ತಕ ಇಡಿ. ಫ್ಯಾಟ್ ನೋಡುವಷ್ಟರಲ್ಲಿ ಸಹಿ ಆಗಿಬಿಡುತ್ತದೆ. ನಾಲ್ಕು ದಿನದಲ್ಲಿ ಹಾಲು ಹಾಕುವವರೆಲ್ಲ ಮುಗಿಯುತ್ತಾರೆ, ಮನೆಯವರು ಬಂದರೆ ‘ಪರವಾಗಿ’ ಎಂದು ಬರೆಸಿ ಸಂಬಂಧ ನಮೂದಿಸಿ. ಸಾಕ್ಷಿಯಾಗಿ ಈ ಪುಸ್ತಕದ ಎದುರು ಯಾವ ಸ್ಕ್ರೀನ್‌ಶಾಟೂ ನಿಲ್ಲುವುದಿಲ್ಲ. ಅಂಚೆಗೆ ಉಳಿಯುವವರು ಹಾಲು ನಿಲ್ಲಿಸಿದವರು, ಊರು ಬಿಟ್ಟವರು ಮತ್ತು ಸಹಿ ಹಾಕಲು ಒಪ್ಪದವರು. ಅನುಭವದಲ್ಲಿ ತಕರಾರು ಬರುವುದೂ ಇವರಿಂದಲೇ.

ಇವರಿಗೆ ಸ್ಪೀಡ್ ಪೋಸ್ಟ್ ಮಾಡಿ, ಕೌಂಟರಿನಲ್ಲಿ ‘ರಿಜಿಸ್ಟ್ರೇಷನ್ ಸೇರಿಸಿ’ ಎಂದು ಬಾಯಿಬಿಟ್ಟು ಹೇಳಿ. ಬರೀ ಸ್ಪೀಡ್ ಪೋಸ್ಟ್ ವಿಳಾಸಕ್ಕೆ ತಲುಪುತ್ತದೆ, ಮನೆಯಲ್ಲಿ ಯಾರು ತೆಗೆದುಕೊಂಡರೂ ಬಟವಾಡೆ ಆದಂತೆ. ರಿಜಿಸ್ಟ್ರೇಷನ್ ಸೇರಿಸಿದರೆ ವಿಳಾಸದಾರರ ಕೈಗೆ ಅಥವಾ ಅವರು ಅಧಿಕಾರ ಕೊಟ್ಟವರ ಕೈಗೆ ಮಾತ್ರ ಹೋಗುತ್ತದೆ. ಹಳೆಯ ರಿಜಿಸ್ಟರ್ ಪೋಸ್ಟಿನ ಜೀವ ಉಳಿದಿರುವುದು ಇಲ್ಲಿ. 2025ರ ಅಕ್ಟೋಬರ್ 1ರ ದರದಂತೆ 50 ಗ್ರಾಂವರೆಗೆ ಸ್ಥಳೀಯವಾಗಿ 19 ರೂಪಾಯಿ, ಹೊರಗಿನ ಊರಿಗೆ 47, ರಿಜಿಸ್ಟ್ರೇಷನ್‌ಗೆ 5, ಒಟ್ಟಿನ ಮೇಲೆ ಶೇ 18 ಜಿಎಸ್‌ಟಿ. ಅಂದರೆ ಸ್ಥಳೀಯ ಕವರು 28 ರೂಪಾಯಿ 32 ಪೈಸೆ. 340 ಜನಕ್ಕೂ ಹೀಗೇ ಕಳಿಸಿದರೆ 9,600 ರೂಪಾಯಿ ದಾಟುತ್ತದೆ, ಮೂವತ್ತು ಜನಕ್ಕಾದರೆ 850ರೊಳಗೆ. 75 ಜಿಎಸ್‌ಎಂನ ಒಂದು ಎ4 ಹಾಳೆ ಸುಮಾರು 4.7 ಗ್ರಾಂ ತೂಗುತ್ತದೆ. ಎಂಟು ಹಾಳೆ, ತೆಳು ಕವರು ಸೇರಿ 50ರ ಒಳಗೇ ಇರುತ್ತದೆ. ವಾರ್ಷಿಕ ವರದಿಯ ಪುಸ್ತಕ ತುರುಕಿದರೆ ದರದ ಮುಂದಿನ ಹಂತಕ್ಕೆ ಹೋಗುತ್ತದೆ, ವರದಿಯನ್ನು ಡೈರಿಯಲ್ಲಿ ನೋಡಬಹುದು ಎಂದು ಬರೆದರಾಯಿತು.

ಪಶು ಆಹಾರದ ಬಾಕಿ ವಸೂಲಿ, ಸದಸ್ಯತ್ವ ರದ್ದು, ಅನರ್ಹತೆ, ಇಂಥ ಒಬ್ಬರ ಹಕ್ಕಿಗೆ ತಾಗುವ ನೋಟಿಸುಗಳನ್ನು ಯಾವಾಗಲೂ ಹೀಗೆಯೇ ಕಳಿಸಿ. ಗ್ರೂಪಿನಲ್ಲಂತೂ ಹಾಕಲೇಬೇಡಿ, ಬಾಕಿದಾರರ ಮಾನ ಹರಾಜಾದರೆ ನಿಮ್ಮ ಮೇಲೇ ದೂರು ಬರುತ್ತದೆ. ಸರಿಯಾದ ವಿಳಾಸ ಬರೆದು, ಹಣ ಕಟ್ಟಿ ನೋಂದಾಯಿತ ಅಂಚೆಯಲ್ಲಿ ಕಳಿಸಿದ್ದು ತಲುಪಿದೆ ಎಂದೇ ಭಾವಿಸುವ ನಿಯಮ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಕಲಂನಲ್ಲಿದೆ. ತಲುಪಿಲ್ಲ ಎಂದು ತೋರಿಸುವ ಹೊರೆ ಎದುರಿನವರದು. ಈ ಬಲ ವಾಟ್ಸ್‌ಆ್ಯಪ್‌ಗೆ ಇಲ್ಲ. ‘ನಿರಾಕರಿಸಿದ್ದಾರೆ’ ಎಂದು ಷರಾ ಬರೆದು ಕವರು ವಾಪಸು ಬಂದರೆ ಅದನ್ನು ಒಡೆಯಬೇಡಿ. ಹಾಗೇ ಫೈಲಿಗೆ ಹಾಕಿ. ಒಳಗೇನಿತ್ತು ಎಂಬುದನ್ನು ಬೇಕಾದರೆ ವಿಚಾರಣೆಯಲ್ಲಿ ತೆರೆಯುತ್ತಾರೆ. ರಸೀದಿ ಥರ್ಮಲ್ ಕಾಗದದ್ದಾಗಿದ್ದರೆ ತಿಂಗಳುಗಳಲ್ಲಿ ಬೆಳ್ಳಗಾಗುತ್ತದೆ. ಬಿಸಿಲು ಸಾಕು, ಪ್ಲಾಸ್ಟಿಕ್ ಕವರು, ಅಂಟು ಟೇಪು ಕೂಡ ಅಕ್ಷರ ಅಳಿಸುತ್ತವೆ. ಅವತ್ತೇ ಜೆರಾಕ್ಸ್ ಮಾಡಿಸಿ ಎರಡನ್ನೂ ಸೇರಿಸಿ ಪಿನ್ ಹಾಕಿ. 13 ಅಕ್ಷರದ ಅಂಚೆ ಸಂಖ್ಯೆ ಹಾಕಿ ಟ್ರ್ಯಾಕಿಂಗ್ ಪುಟ ತೆಗೆದು, ಬಟವಾಡೆ ಆದ ವಾರದಲ್ಲೇ ಮುದ್ರಿಸಿಕೊಳ್ಳಿ. ಅದು ಜಾಲತಾಣದಲ್ಲಿ ಸದಾ ಇರುವುದಿಲ್ಲ.

ವಾಟ್ಸ್‌ಆ್ಯಪ್ ಪುರಾವೆ ಕಾದಿಡುವುದಕ್ಕೂ ಕ್ರಮವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ, ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಕೇಳುತ್ತದೆ. ಅದರಲ್ಲಿ ಎರಡು ಭಾಗ. ಒಂದನ್ನು ಆ ಸಾಧನದ ಉಸ್ತುವಾರಿ ಇದ್ದವರು, ಇನ್ನೊಂದನ್ನು ತಜ್ಞರು ತುಂಬಬೇಕು. ಯಾವ ಫೋನು, ಫೈಲಿನ ಹ್ಯಾಷ್ ಮೌಲ್ಯವೇನು ಎಂಬುದನ್ನೂ ಬರೆಯಬೇಕು. ಹ್ಯಾಷ್ ಅಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆದ ಒಂದು ಉದ್ದನೆಯ ಸಂಕೇತ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಅದು ಬದಲಾಗುತ್ತದೆ. ಸಭೆ ಮುಗಿದ ವಾರದಲ್ಲೇ ಗ್ರೂಪಿನ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಸಂಘದ ಇ-ಮೇಲ್‌ಗೆ ಕಳಿಸಿಕೊಳ್ಳಿ. ಕಂಪ್ಯೂಟರ್ ಗೊತ್ತಿರುವವರಿಂದ ಹ್ಯಾಷ್ ತೆಗೆಸಿ ನಡವಳಿ ಪುಸ್ತಕದಲ್ಲಿ ಬರೆದಿಡಿ. ಇವೆಲ್ಲ ನಿಮ್ಮ ಸ್ವಂತ ಫೋನಿನಲ್ಲಿ ನಡೆಯಬಾರದು. ಸಂಘದ ಹೆಸರಿನಲ್ಲಿ ಸಿಮ್ಮು, ಸಂಘದ ಹಣದಲ್ಲಿ ಫೋನು, ಸಂಘದ್ದೇ ಇ-ಮೇಲ್ ಇರಲಿ, ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಅಧ್ಯಕ್ಷರ ಬಳಿ ಇರಲಿ. ಕಾರ್ಯದರ್ಶಿ ಬದಲಾದಾಗ ಹಳಬರ ಫೋನಿನ ಜೊತೆ ಸಂಘದ ದಾಖಲೆಯೂ ಮನೆಗೆ ಹೋದರೆ ಯಾರೂ ವಾಪಸು ತರಲಾಗುವುದಿಲ್ಲ.

ನುಡಿಯ ತೊಂದರೆ ಸುಲಭದ್ದು. ಹಳೆಯ ನುಡಿ ಫೈಲಿನ ಒಳಗಿರುವುದು ಇಂಗ್ಲಿಷ್ ಸಂಕೇತಗಳೇ, ನುಡಿ ಫಾಂಟು ಅವುಗಳಿಗೆ ಕನ್ನಡದ ಆಕಾರ ಕೊಡುತ್ತದೆ. ಫಾಂಟು ಇಲ್ಲದ ಮೊಬೈಲಿನಲ್ಲಿ ಒಳಗಿನದೇ ಕಾಣುತ್ತದೆ. ಒಂದು ನೋಟಿಸು ಕಳಿಸುವುದಷ್ಟೇ ಆದರೆ ಪಿಡಿಎಫ್ ಮಾಡಿ, ಫಾಂಟು ಅದರೊಳಗೇ ಸೇರಿಕೊಳ್ಳುತ್ತದೆ. ಸದಸ್ಯರ ಪಟ್ಟಿಯನ್ನು ಮಾತ್ರ ಎಲ್ಲ ಫೋನು, ಕಂಪ್ಯೂಟರುಗಳಿಗೂ ಒಂದೇ ಆದ ಯೂನಿಕೋಡ್ ಸಂಕೇತಕ್ಕೆ ಬದಲಿಸಲೇಬೇಕು, ಇಲ್ಲದಿದ್ದರೆ ಹೆಸರು ಹುಡುಕಲು, ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ. ಮೂಲ ಫೈಲನ್ನು ಮುಟ್ಟದೆ ಪ್ರತಿಯನ್ನು ನುಡಿಯದೇ ಪರಿವರ್ತಕದಲ್ಲಿ ಹಾಕಿ. ಹೆಸರಿನ ಅಂಕಣವನ್ನು ಮಾತ್ರ ಬದಲಿಸಿ. ಇಡೀ ಹಾಳೆ ಹಾಕಿದರೆ ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತವನ್ನೂ ಅದು ಕನ್ನಡ ಮಾಡಿಬಿಡುತ್ತದೆ, ಬಟವಾಡೆಯ ದಿನ ಹಣ ಹೋಗದೆ ನಿಂತಾಗ ಗೊತ್ತಾಗುತ್ತದೆ. ಬದಲಿಸಿದ ಮೇಲೆ ಅರ್ಕಾವತ್ತಿನ ಹೆಸರುಗಳನ್ನು ಕಣ್ಣಿಟ್ಟು ನೋಡಿ. ‘ಸೂರ್ಯನಾರಾಯಣ’ದಂಥ ಕಡೆ ಹಳೆಯ ನುಡಿ ಅರ್ಕಾವತ್ತನ್ನು ಅಕ್ಷರದ ನಂತರ ಇಟ್ಟಿರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ತಪ್ಪುಗಳು ಹೆಚ್ಚಾಗಿ ಅಲ್ಲಿ ಸೇರಿಕೊಳ್ಳುತ್ತವೆ.

ಬೀರುಗಳ ವಿಚಾರ. ಸದಸ್ಯತ್ವ ಪುಸ್ತಕ, ಷೇರು ಪುಸ್ತಕ, ನಡವಳಿ ಪುಸ್ತಕ, ಆಸ್ತಿಪತ್ರ ಇವುಗಳ ಮೂಲವೇ ಇರಬೇಕು, ಸ್ಕ್ಯಾನ್ ಆಯಿತೆಂದು ಹಳೆ ಪೇಪರಿನವರಿಗೆ ಕೊಡುವಂತಿಲ್ಲ. ಮೊದಲು ಸ್ಕ್ಯಾನ್ ಆಗಬೇಕಾದವೂ ಇವೇ. 300 ಡಿಪಿಐ ಸಾಕು, ಕಾರ್ಬನ್ ಪ್ರತಿ ಮತ್ತು ನೇರಳೆ ಮೊಹರು ಇರುವುದನ್ನು ಬಣ್ಣದಲ್ಲೇ ತೆಗೆಯಿರಿ. ಫೈಲಿಗೆ ಹೆಸರಿಡುವಾಗ ವರ್ಷ ಮೊದಲು, ತಿಂಗಳು ಆಮೇಲೆ ಬರಲಿ; ‘2016-09 ವಾರ್ಷಿಕ ಸಭೆ ನಡವಳಿ’ ಎಂದಿಟ್ಟರೆ ತಾವೇ ಸಾಲಾಗಿ ಕೂರುತ್ತವೆ. ಒಂದು ಪ್ರತಿ ಡೈರಿಯ ಕಂಪ್ಯೂಟರಿನಲ್ಲಿ, ಒಂದು ಬೇರೆ ಕಟ್ಟಡದಲ್ಲಿಟ್ಟ ಹಾರ್ಡ್‌ಡಿಸ್ಕಿನಲ್ಲಿ, ಒಂದು ಸಂಘದ ಇ-ಮೇಲ್ ಖಾತೆಯ ಡ್ರೈವ್‌ನಲ್ಲಿ ಇರಲಿ. ಡೈರಿಯ ನೀರು, ಕರೆಂಟಿನ ಏರಿಳಿತ ನಿಮಗೇ ಗೊತ್ತು, ಅಲ್ಲಿನ ಕಂಪ್ಯೂಟರನ್ನು ಒಂದೇ ಆಧಾರ ಮಾಡಿಕೊಳ್ಳಬೇಡಿ. ಹಳೆಯ ನೋಟಿಸಿನ ಪ್ರತಿ, ಕಾಗದ ತಲುಪಿದ್ದಕ್ಕೆ ಸಹಿಯಾಗಿ ಬಂದ ಎ.ಡಿ. ಕಾರ್ಡು, ವಾಪಸು ಬಂದ ಕವರುಗಳನ್ನು, ಆ ವರ್ಷದ ಲೆಕ್ಕಪರಿಶೋಧನೆ ಮುಗಿದಿದ್ದು ಯಾವ ವ್ಯಾಜ್ಯವೂ ಬಾಕಿ ಇಲ್ಲದಿದ್ದರೆ, ಆಡಳಿತ ಮಂಡಳಿ ಠರಾವು ಮಾಡಿ ಸಹಾಯಕ ನಿಬಂಧಕರ ಕಚೇರಿಗೆ ತಿಳಿಸಿ ವಿಲೇವಾರಿ ಮಾಡಬಹುದು. ಏನೇನು ಹೋಯಿತು ಎಂಬ ಪಟ್ಟಿಯನ್ನು ನಡವಳಿ ಪುಸ್ತಕಕ್ಕೆ ಅಂಟಿಸಿ. ಮೈದಾ ಗಂಜಿ ಮಾತ್ರ ಬೇಡ, ಅದರ ವಾಸನೆಗೆ ಜಿರಳೆ ಬಂದು ಪಟ್ಟಿಯ ಜೊತೆ ನಡವಳಿಯನ್ನೂ ತಿನ್ನುತ್ತವೆ.